ಅಡ್ಡರಸ್ತೆಯಲ್ಲಿ ಎಲ್ ಬೋರ್ಡ್

ವಿಜಯನಗರ, ರಾಜಾಜಿನಗರ, ಬನಶಂಕರಿ, ಹೀಗೆ ಬೆಂಗಳೂರಿನ ಯಾವ ಹಳೆಯ ಬಡಾವಣೆಗಾದರೂ ಬೆಳಿಗ್ಗೆ ಆರು ಗಂಟೆಗೆ ಹೋಗಿ. ಡ್ರೈವಿಂಗ್ ಸ್ಕೂಲಿನ ಹೆಸರು ಬರೆದ ಪುಟ್ಟ ಕಾರೊಂದು ಅಲ್ಲಿ ಇದ್ದೇ ಇರುತ್ತದೆ. ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತ, ತಿರುವಿನಲ್ಲಿ ಆಫ್ ಆಗಿ, ಮತ್ತೆ ಸ್ಟಾರ್ಟ್ ಆಗಿ, ನಾಲ್ಕು ಅಡ್ಡರಸ್ತೆ ಸುತ್ತಿ ಅದೇ ಮೂಲೆಗೆ ಬರುತ್ತದೆ. ಮುಖ್ಯರಸ್ತೆಯಲ್ಲಿ ಬಸ್ಸು, ಟೆಂಪೊಗಳ ಕಾಟ; ಒಳಗಿನ ರಸ್ತೆ ಖಾಲಿ ಎಂಬುದು ಕಲಿಸುವವರ ಲೆಕ್ಕ.

ಆ ಲೆಕ್ಕ ಅರ್ಧ ಮಾತ್ರ ಸರಿ. ರಸ್ತೆಯಲ್ಲಿ ವಾಹನಗಳಿಲ್ಲ, ನಿಜ. ಆದರೆ ಅದೇ ಹೊತ್ತಿಗೆ ಪೌರಕಾರ್ಮಿಕರು ರಸ್ತೆಯ ಅಂಚಿನಲ್ಲಿ ಬಗ್ಗಿ ಕಸ ಗುಡಿಸುತ್ತಿರುತ್ತಾರೆ. ಗೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಹಾಕುವವರ ಬೆನ್ನು ರಸ್ತೆಯ ಕಡೆಗಿರುತ್ತದೆ. ಹಾಲಿನವರು, ಪೇಪರ್ ಹಾಕುವ ಹುಡುಗರು, ಮಂಡಿನೋವಿಗೆ ನಡಿಗೆಯೇ ಔಷಧ ಎಂದು ಹೊರಟ ಹಿರಿಯರು, ಏಳೂವರೆಯಾದರೆ ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು ಎಲ್ಲರೂ ರಸ್ತೆಯ ಮೇಲೇ ಇರುತ್ತಾರೆ, ಏಕೆಂದರೆ ಫುಟ್‌ಪಾತ್ ಎಂಬುದು ಹೆಚ್ಚಿನ ಕಡೆ ಹೂಕುಂಡ, ಟ್ರಾನ್ಸ್‌ಫಾರ್ಮರ್ ಮತ್ತು ಗೇಟಿನ ಇಳಿಜಾರುಗಳ ಪಾಲಾಗಿದೆ. ವಾಹನ ಇಲ್ಲದ ರಸ್ತೆಯನ್ನು ಹುಡುಕಿ ಬಂದವರು ತಗಡಿನ ರಕ್ಷಣೆಯೇ ಇಲ್ಲದ ಜನ ಅತಿ ಹೆಚ್ಚಾಗಿರುವ ರಸ್ತೆಯನ್ನೇ ಆರಿಸಿಕೊಂಡಿರುತ್ತಾರೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ದಿನಕ್ಕೆ ಸರಾಸರಿ ತೊಂಬತ್ತು. ಈ ಸಾವುಗಳ ಹೊಣೆಯನ್ನು ಕಲಿಯುವವರ ತಲೆಗೆ ಕಟ್ಟಲು ಆಗುವುದಿಲ್ಲ. ಇವುಗಳಲ್ಲಿ ಬಹುಪಾಲು ಹೆದ್ದಾರಿಗಳಲ್ಲಿ, ದೊಡ್ಡ ರಸ್ತೆಗಳಲ್ಲಿ, ಲೈಸೆನ್ಸ್ ಇದ್ದವರ ವೇಗದಿಂದ ಆದವು. ಅಷ್ಟೇ ಅಲ್ಲ, ಜೊತೆಯಲ್ಲಿ ಮೇಲ್ವಿಚಾರಕರಿರುವ ಕಲಿಕೆಯ ಅವಧಿ ತಕ್ಕಮಟ್ಟಿಗೆ ಸುರಕ್ಷಿತ ಎಂದೇ ಸಂಶೋಧನೆಗಳು ಹೇಳುತ್ತವೆ. ಕೆನಡಾದ ನೋವಾ ಸ್ಕೋಶಿಯಾ ಪ್ರಾಂತದ ಚಾಲಕರ ದಾಖಲೆಗಳನ್ನು ಮೇಹ್ಯೂ ಮತ್ತು ಸಂಗಡಿಗರು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿಯುತ್ತಿರುವವರ ಅಪಘಾತದ ಪ್ರಮಾಣ ಕಡಿಮೆಯೇ ಇತ್ತು. ಅದು ಥಟ್ಟನೆ ಏರಿದ್ದು ಒಬ್ಬರೇ ಓಡಿಸಲು ಅನುಮತಿ ಸಿಕ್ಕ ಮೊದಲ ತಿಂಗಳಲ್ಲಿ. ಏಳನೇ ತಿಂಗಳ ಹೊತ್ತಿಗೆ ಅಲ್ಲಿಂದ ಶೇಕಡಾ 41ರಷ್ಟು ಇಳಿಯಿತು.

ಹಾಗಾದರೆ ಬಡಾವಣೆಯ ನಿವಾಸಿಗಳ ಆತಂಕ ಸುಮ್ಮನೆ ಗೊಣಗಾಟವೇ? ಅಲ್ಲ ಎಂದು ನನ್ನ ವಾದ. ಆ ಅಂಕಿಗಳು ಬಂದದ್ದು ಮೇಲ್ವಿಚಾರಣೆ ನಿಜಕ್ಕೂ ನಡೆಯುವ, ಫುಟ್‌ಪಾತ್ ನಡೆಯಲು ಸಿಗುವ, ಮಕ್ಕಳು ರಸ್ತೆಯ ಮಧ್ಯೆ ವಿಕೆಟ್ ನೆಡದ ಊರುಗಳಿಂದ. ನಮ್ಮಲ್ಲಿ ಆ ಮೂರೂ ಷರತ್ತುಗಳು ಸಡಿಲ. ಮೇಲಾಗಿ ಕಲಿಯುವ ವಾಹನವೇ ಈಗ ಬದಲಾಗುತ್ತಿದೆ, ಅದರ ಪರಿಣಾಮವನ್ನು ನಾವಿನ್ನೂ ಪೂರ್ತಿ ಕಂಡಿಲ್ಲ. ಮುಂದಿನ ವರ್ಷಗಳ ಅಪಾಯವನ್ನು ಅಳೆಯಬೇಕಾದರೆ ಕಲಿಯುವವರ ಕಣ್ಣು ಮತ್ತು ಕಾಲು ಹೇಗೆ ಕೆಲಸ ಮಾಡುತ್ತವೆ ಎಂಬಲ್ಲಿಂದ ಶುರು ಮಾಡಬೇಕು.

ಮೊದಲು ಕಣ್ಣು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೌರಾಂಟ್ ಮತ್ತು ರಾಕ್‌ವೆಲ್ 1972ರಲ್ಲಿ ಹೊಸಬರ ಮತ್ತು ಅನುಭವಿಗಳ ಕಣ್ಣಿನ ಚಲನೆಯನ್ನು ರಸ್ತೆಯಲ್ಲೇ ದಾಖಲಿಸಿದರು. ಕೆಲವೇ ಚಾಲಕರ ಮೇಲೆ ನಡೆದ ಸಣ್ಣ ಪ್ರಯೋಗವದು, ಆದರೂ ಈ ವಿಷಯದ ಚರ್ಚೆಯಲ್ಲಿ ಇಂದಿಗೂ ಅದರ ಹೆಸರು ಬರುತ್ತದೆ. ಅನುಭವಿಗಳ ನೋಟ ದೂರಕ್ಕೆ ಹೋಗಿ, ಅಕ್ಕಪಕ್ಕ ಸುಳಿದು, ಕನ್ನಡಿಗೆ ಬಂದು ಮರಳುತ್ತಿತ್ತು. ಹೊಸಬರು ಬಾನೆಟ್ಟಿನ ತುಸು ಮುಂದಿನ ರಸ್ತೆಯನ್ನೇ ದಿಟ್ಟಿಸುತ್ತಿದ್ದರು, ರಸ್ತೆಯಂಚಿಗೆ ಎಷ್ಟು ಹತ್ತಿರ ಇದ್ದೇವೆ ಎಂದು ಮತ್ತೆ ಮತ್ತೆ ನೋಡುತ್ತಿದ್ದರು, ಕನ್ನಡಿಯನ್ನು ಅಪರೂಪಕ್ಕೆ ನೋಡುತ್ತಿದ್ದರು. ಕಾರಣ ಸರಳ. ಕಾರು ನೇರ ಹೋಗುತ್ತಿದೆಯೇ ಎಂಬ ಒಂದೇ ಪ್ರಶ್ನೆಗೆ ಅವರ ಗಮನವೆಲ್ಲ ಖರ್ಚಾಗುತ್ತಿತ್ತು. ಮುಂದೆ 1998ರಲ್ಲಿ ಬ್ರಿಟನ್ನಿನ ಕ್ರಂಡಲ್ ಮತ್ತು ಅಂಡರ್‌ವುಡ್ ಇನ್ನೊಂದು ಅಂಶ ತೋರಿಸಿದರು. ರಸ್ತೆ ಜಟಿಲವಾದಂತೆ ಅನುಭವಿಗಳ ನೋಟ ಅಗಲವಾಗುತ್ತದೆ. ಹೊಸಬರದು ಹಾಗೆ ಅಗಲವಾಗುವುದಿಲ್ಲ.

ನಮ್ಮ ಅಡ್ಡರಸ್ತೆಯಲ್ಲಿ ಅಪಾಯ ಎದುರಿನಿಂದ ಬರುವುದು ಕಡಿಮೆ. ಅದು ಪಕ್ಕದಿಂದ ಬರುತ್ತದೆ, ಅದೂ ನೆಲಕ್ಕೆ ಹತ್ತಿರದಿಂದ. ನಿಂತ ಎರಡು ಕಾರುಗಳ ನಡುವಿನಿಂದ ಚೆಂಡು, ಚೆಂಡಿನ ಹಿಂದೆ ಹುಡುಗ. ತೆರೆದ ಗೇಟಿನಿಂದ ಹಿಂದುಹಿಂದಕ್ಕೆ ಹೊರಬರುವ ಸ್ಕೂಟರ್. ಹಾಫ್ ಕ್ಲಚ್ ಸರಿಯಾಗಿ ಸಿಗುತ್ತಿಲ್ಲ ಎಂಬ ತಲೆಬಿಸಿಯಲ್ಲಿ ಇರುವವರ ಕಣ್ಣು ಇವುಗಳ ಕಡೆ ಹೊರಳುವುದೇ ಇಲ್ಲ. ಹಿಂದಿನಿಂದ ಯಾರಾದರೂ ಒಂದೇ ಸಮನೆ ಹಾರ್ನ್ ಹೊಡೆದರಂತೂ ಉಳಿದ ಗಮನವೂ ಹಿಂದಕ್ಕೆ ಹೋಗುತ್ತದೆ. ಎಲ್ ಬೋರ್ಡ್ ನೋಡಿದ ಮೇಲೂ ಹಾರ್ನ್ ಹೊಡೆಯುವವರು ತಾವೂ ಒಂದು ದಿನ ಹೀಗೇ ಕಲಿತವರು ಎಂಬುದನ್ನು ಎಲ್ಲಿ ಮರೆತು ಬರುತ್ತಾರೋ.

ದೂರದ ಲೆಕ್ಕವನ್ನೂ ಮಾಡಿಬಿಡೋಣ. ಬೆಂಗಳೂರಿನವರಿಗೆ ಪರಿಚಿತವಾದ 30x40 ಅಡಿಯ ಸೈಟನ್ನೇ ಅಳತೆಗೋಲು ಮಾಡಿಕೊಂಡರೆ, ಒಂದು ಮನೆಯ ಮುಂಭಾಗ ಸುಮಾರು 9 ಮೀಟರ್. ಗಂಟೆಗೆ 20 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಅಪಾಯ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡು ಹಿಡಿದರೆ ಕಾರು ನಿಲ್ಲುವಷ್ಟರಲ್ಲಿ ಸುಮಾರು 11 ಮೀಟರ್ ಕಳೆದಿರುತ್ತದೆ. ಹೊಸಬರು ಒಂದು ಸೆಕೆಂಡು ಹೆಚ್ಚು ತಡಮಾಡಿದರೆ ಅದು 16 ಮೀಟರ್ ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಮನೆ. 30 ಕಿ.ಮೀ. ವೇಗದಲ್ಲಿ ಅದೇ ತಡ ಆದರೆ ಮೂರು ಮನೆ. ಅಷ್ಟು ಉದ್ದದ ರಸ್ತೆಯಲ್ಲಿ ಮೂರು ಗೇಟು, ಎದುರು ಸಾಲಿನದೂ ಸೇರಿದರೆ ಆರು ಗೇಟು ಇರುತ್ತವೆ.

ಇನ್ನು ಕಾಲು. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ.

ಬ್ರೇಕ್ ಎಂದುಕೊಂಡು ಎಕ್ಸಿಲರೇಟರ್ ಒತ್ತುವ ತಪ್ಪನ್ನು ಬಹುಕಾಲ ಯಾರೂ ಗಂಭೀರವಾಗಿ ಪರಿಗಣಿಸಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ನುಗ್ಗುತ್ತವೆ ಎಂಬ ದೂರುಗಳು ಎದ್ದವು. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ ತನಿಖೆ ನಡೆಸಿ, ಇಂಥ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಚಾಲಕರ ಕಾಲು ತಪ್ಪು ಪೆಡಲಿನ ಮೇಲಿದ್ದದ್ದೇ ಕಾರಣ ಎಂದು 1989ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ರಿಚರ್ಡ್ ಶ್ಮಿಟ್ ಎಂಬ ವಿಜ್ಞಾನಿ ಇದರ ಒಳಗುಟ್ಟನ್ನು ವಿವರಿಸಿದರು. ಕಾಲಿಗೆ ಮೆದುಳು ಕೊಡುವ ಆಜ್ಞೆ ಸರಿಯಾಗಿಯೇ ಇರುತ್ತದೆ. ಸ್ನಾಯುಗಳು ಅದನ್ನು ನೆರವೇರಿಸುವಾಗ ಗುರಿ ಸ್ವಲ್ಪ ತಪ್ಪುತ್ತದೆ. ತಾನು ಬ್ರೇಕ್ ಒತ್ತಿದ್ದೇನೆ ಎಂದು ಚಾಲಕರು ಪೂರ್ತಿ ನಂಬಿರುತ್ತಾರೆ. ಕಾರು ನಿಲ್ಲುವ ಬದಲು ಮುನ್ನುಗ್ಗಿದಾಗ ಗಾಬರಿಯಲ್ಲಿ ಅದನ್ನೇ ಇನ್ನೂ ಬಲವಾಗಿ ತುಳಿಯುತ್ತಾರೆ. ಪಕ್ಕದವರು ಕೂಗಿದರೂ ಹಲವು ಸೆಕೆಂಡುಗಳ ಕಾಲ ತಪ್ಪು ತಿಳಿಯುವುದಿಲ್ಲ. ಸೀಟಿನಲ್ಲಿ ಮೈ ತಿರುಗಿಸಿ ಹಿಂದೆ ನೋಡುವಾಗ ಪಾದದ ಜಾಗವೂ ಸರಿಯುವುದರಿಂದ ರಿವರ್ಸ್ ತೆಗೆಯುವಾಗ ಇದು ಇನ್ನೂ ಸುಲಭವಾಗಿ ಆಗುತ್ತದೆ. ಅದೇ ಆಡಳಿತ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಇಂಥ ತಪ್ಪುಗಳು ವಯಸ್ಸಿನ ಎರಡು ತುದಿಗಳಲ್ಲಿ ಗುಂಪಾಗಿ ಕಂಡವು: ಇಪ್ಪತ್ತರ ಒಳಗಿನ ಹೊಸಬರು ಮತ್ತು ಎಪ್ಪತ್ತೈದು ದಾಟಿದವರು. ಹೆಚ್ಚಾಗಿ ನಡೆಯುತ್ತಿದ್ದ ಜಾಗಗಳಲ್ಲಿ ಒಂದು ಪಾರ್ಕಿಂಗ್ ಸ್ಥಳ. ಅಂದರೆ ಕಾರು ನಿಧಾನವಾಗಿ ಚಲಿಸುವ, ಸುತ್ತ ಜನ ನಡೆದಾಡುವ ಜಾಗ.

ಇಷ್ಟು ವರ್ಷ ನಮ್ಮನ್ನು ಒಂದು ಯಾಂತ್ರಿಕ ಅದೃಷ್ಟ ಕಾಪಾಡಿತ್ತು. ಗೇರಿನ ಕಾರಿನಲ್ಲಿ ಹೊಸಬರು ಗಾಬರಿಯಾದರೆ ಸಾಮಾನ್ಯವಾಗಿ ಕ್ಲಚ್ಚಿನ ಕಾಲು ಎತ್ತಿಬಿಡುತ್ತಾರೆ, ಗಾಡಿ ಒಂದು ಸಲ ಕುಪ್ಪಳಿಸಿ ಆಫ್ ಆಗುತ್ತದೆ. ಮುಜುಗರ ಅಷ್ಟೇ, ಹಾನಿ ಇಲ್ಲ. ಡ್ರೈವಿಂಗ್ ಸ್ಕೂಲಿನ ಕಾರಾದರೆ ಎಡಗಡೆ ಕೂತವರ ಕಾಲಡಿಯಲ್ಲೂ ಬ್ರೇಕ್ ಮತ್ತು ಕ್ಲಚ್ ಇರುತ್ತವೆ. ಆಟೊಮ್ಯಾಟಿಕ್ ಕಾರಿನಲ್ಲಿ ಆಫ್ ಆಗುವ ಪ್ರಶ್ನೆಯೇ ಇಲ್ಲ. ವಿದ್ಯುತ್ ಕಾರಿನಲ್ಲಂತೂ ಪೆಡಲ್ ತುಳಿದ ಮರುಕ್ಷಣ ಮೋಟರಿನ ಪೂರ್ಣ ತಿರುಗುಬಲ ಸಿಗುತ್ತದೆ, ಎಂಜಿನ್ ಅಬ್ಬರಿಸಿ ಎಚ್ಚರಿಸುವುದೂ ಇಲ್ಲ. ಸುಮಾರು ಒಂಬತ್ತು ಸೆಕೆಂಡಿನಲ್ಲಿ ನೂರು ಕಿ.ಮೀ. ವೇಗ ಮುಟ್ಟುವ ಕಾರು ಪ್ರತಿ ಸೆಕೆಂಡೂ ಸೆಕೆಂಡಿಗೆ ಸರಾಸರಿ 3 ಮೀಟರಿನಂತೆ ವೇಗ ಹೆಚ್ಚಿಸಿಕೊಳ್ಳುತ್ತದೆ. ನಿಂತಲ್ಲಿಂದ ಮೂರು ಸೆಕೆಂಡು ತಪ್ಪು ಪೆಡಲ್ ತುಳಿದರೆ ಅದು ಹದಿಮೂರೂವರೆ ಮೀಟರ್ ನುಗ್ಗಿರುತ್ತದೆ, ವೇಗ ಗಂಟೆಗೆ 32 ಕಿ.ಮೀ. ಆಗಿರುತ್ತದೆ. ಮೂವತ್ತು ಅಡಿ ರಸ್ತೆ ದಾಟಿ ಎದುರು ಮನೆಯ ಕಾಂಪೌಂಡ್ ಮುಟ್ಟಲು ಅಷ್ಟು ದೂರವೂ ಬೇಡ.

ಇಂಥ ತಪ್ಪನ್ನು ಗುರುತಿಸಿ ತಾನೇ ಎಕ್ಸಿಲರೇಟರ್ ತಡೆಯುವ ಸಾಧನವನ್ನು ಜಪಾನ್ ತನ್ನ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ 2028ರಿಂದ ಕಡ್ಡಾಯ ಮಾಡುತ್ತಿದೆ. ಅಲ್ಲಿ ವೃದ್ಧ ಚಾಲಕರ ಅಪಘಾತಗಳು ಅದಕ್ಕೆ ಒತ್ತಾಸೆಯಾದವು. ನಮ್ಮಲ್ಲಿ ಆ ಗುಂಪಿನ ಇನ್ನೊಂದು ತುದಿ, ಅಂದರೆ ಹೊಸಬರು, ದೊಡ್ಡ ಸಂಖ್ಯೆಯಲ್ಲಿ ಗೇರಿಲ್ಲದ ಕಾರಿನತ್ತ ಬರುತ್ತಿದ್ದಾರೆ. ಸ್ಕೂಲಿನ ಹಳೆಯ ಗೇರಿನ ಕಾರಿನಲ್ಲಿ ಮೂರು ವಾರ ಕಲಿತು, ನಾಲ್ಕನೇ ವಾರ ಮನೆಯ ಹೊಸ ಆಟೊಮ್ಯಾಟಿಕ್ ಎಸ್‌ಯುವಿಯನ್ನು ಅದೇ ಬೀದಿಯಲ್ಲಿ ಹೊರತೆಗೆಯುವುದು ಈಗ ಮಧ್ಯಮವರ್ಗದ ಸಾಮಾನ್ಯ ದಾರಿ. ಎಡಗಾಲಿಗೆ ಕಲಿಸಿದ್ದೆಲ್ಲ ವ್ಯರ್ಥ; ಬಲಗಾಲು ಎರಡು ಪೆಡಲ್‌ಗಳ ನಡುವೆ ಹೊಸದಾಗಿ ದಾರಿ ಕಲಿಯಬೇಕು. ಪಕ್ಕದ ಸೀಟಿನಲ್ಲಿ ಕೂತ ಅಪ್ಪ ಅಥವಾ ಅಣ್ಣನಿಗೆ ಬ್ರೇಕ್ ಇಲ್ಲ. ಹಿಂದೆಲ್ಲ ಕೈಗೆ ಸಿಗುತ್ತಿದ್ದ ಹ್ಯಾಂಡ್ ಬ್ರೇಕಿನ ಜಾಗದಲ್ಲಿ ಈಗ ಎಷ್ಟೋ ಕಾರುಗಳಲ್ಲಿ ಒಂದು ಚಿಕ್ಕ ಗುಂಡಿ ಇದೆ. ಅದನ್ನು ಎತ್ತಿ ಹಿಡಿದರೆ ಕಾರು ನಿಲ್ಲುತ್ತದೆ ಎಂದು ಪಕ್ಕದವರಿಗೆ ಗೊತ್ತಿರಬೇಕು, ಗೊತ್ತಿದ್ದರೂ ಆ ಕ್ಷಣದಲ್ಲಿ ನೆನಪಾಗಬೇಕು.

ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಈಗ ಎತ್ತರದ ಎಸ್‌ಯುವಿ ಮಾದರಿಯವು. ಎತ್ತರಕ್ಕೂ ಸಾವಿಗೂ ಇರುವ ನಂಟನ್ನು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಅಳೆದು ತೋರಿಸಿತು. ಬಾನೆಟ್ಟಿನ ಮುಂಚೂಣಿ ನೆಲದಿಂದ ಒಂದು ಮೀಟರಿಗಿಂತ ಎತ್ತರವಿರುವ ವಾಹನ ಡಿಕ್ಕಿ ಹೊಡೆದರೆ, ತಗ್ಗಿನ ಇಳಿಜಾರು ಬಾನೆಟ್ಟಿನ ಕಾರಿಗೆ ಹೋಲಿಸಿದಾಗ ಪಾದಚಾರಿ ಸಾಯುವ ಸಂಭವ ಶೇಕಡಾ 45ರಷ್ಟು ಹೆಚ್ಚು. ತಗ್ಗಿನ ಕಾರು ಕಾಲಿಗೆ ಹೊಡೆದು ಮೈಯನ್ನು ಬಾನೆಟ್ಟಿನ ಮೇಲೆ ಎಸೆಯುತ್ತದೆ. ಎತ್ತರದ್ದು ನೇರ ಎದೆಗೋ ತಲೆಗೋ ಹೊಡೆದು ಕೆಳಕ್ಕೆ ಕೆಡವುತ್ತದೆ. ನಮ್ಮಲ್ಲಿ ಅಷ್ಟು ದೈತ್ಯ ಪಿಕಪ್‌ಗಳು ಕಡಿಮೆ, ನಿಜ. ಆದರೆ ರಂಗೋಲಿ ಹಾಕುತ್ತ ಕೂತವರಿಗೆ, ನಾಲ್ಕು ವರ್ಷದ ಮಗುವಿಗೆ, ಸಾಧಾರಣ ಎಸ್‌ಯುವಿಯ ಬಾನೆಟ್ಟೂ ತಲೆಯ ಮಟ್ಟಕ್ಕೇ ಬರುತ್ತದೆ. ಅಷ್ಟು ಹತ್ತಿರ ಕೂತವರು ಚಾಲಕರ ಸೀಟಿನಿಂದ ಕಾಣುವುದೂ ಇಲ್ಲ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನಕ್ಕಾಗಿ ಬ್ರಯಾನ್ ಟೆಫ್ಟ್ 2011ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಗಂಟೆಗೆ 37 ಕಿ.ಮೀ. ವೇಗದ ಡಿಕ್ಕಿಯಲ್ಲಿ ಪಾದಚಾರಿ ಸಾಯುವ ಸಂಭವ ಸರಾಸರಿ ಶೇಕಡಾ 10, ಸುಮಾರು 51 ಕಿ.ಮೀ. ವೇಗದಲ್ಲಿ ಶೇಕಡಾ 25. ಇದು ಎಲ್ಲ ವಯಸ್ಸಿನವರ ಸರಾಸರಿ. ಎಪ್ಪತ್ತು ವರ್ಷದವರಿಗೆ 40 ಕಿ.ಮೀ. ವೇಗದ ಹೊಡೆತ ಎಷ್ಟು ಮಾರಕವೋ, ಮೂವತ್ತರವರಿಗೆ 56 ಕಿ.ಮೀ. ವೇಗದ್ದು ಅಷ್ಟೇ ಮಾರಕ ಎಂದು ಅದೇ ವಿಶ್ಲೇಷಣೆ ಹೇಳುತ್ತದೆ. ನಮ್ಮ ಹಳೆಯ ಬಡಾವಣೆಗಳು ವರ್ಷದಿಂದ ವರ್ಷಕ್ಕೆ ವೃದ್ಧರ ಊರುಗಳಾಗುತ್ತಿವೆ. ಮಕ್ಕಳು ಹೊರದೇಶಕ್ಕೋ ಹೊರವಲಯಕ್ಕೋ ಹೋಗಿದ್ದಾರೆ, ಬೆಳಗಿನ ವಾಯುವಿಹಾರಕ್ಕೆ ಹೊರಡುವವರಲ್ಲಿ ಬಹುಪಾಲು ಅರವತ್ತು ದಾಟಿದವರು.

ಕಾನೂನು ಏನು ಹೇಳುತ್ತದೆ? ಬಡಾವಣೆಯ ರಸ್ತೆ ಸಾರ್ವಜನಿಕ ಸ್ಥಳ. ಅಲ್ಲಿ ಕಲಿಯುವುದು ಅಪರಾಧವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಕಲಿಯುವವರಿಗೆ ಷರತ್ತು ಹಾಕುತ್ತದೆ. ಚಾಲ್ತಿಯಲ್ಲಿರುವ ಕಲಿಕಾ ಲೈಸೆನ್ಸ್ (ಎಲ್‌ಎಲ್‌ಆರ್) ಇರಬೇಕು. ಆ ವಾಹನ ಓಡಿಸುವ ಲೈಸೆನ್ಸ್ ಇರುವವರು ಜೊತೆಯಲ್ಲಿ, ಅದೂ ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು. ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಮುಂದೆಯೂ ಹಿಂದೆಯೂ ಇರಬೇಕು. ಫಲಕ 18 ಸೆಂಟಿಮೀಟರ್ ಚೌಕಕ್ಕೆ, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕೆ ಕಡಿಮೆ ಇರಬಾರದು. ಹಿಂದಿನ ಗಾಜಿಗೆ ಅಂಟಿಸಿದ ಅಂಗೈಯಗಲದ ಸ್ಟಿಕ್ಕರ್ ಈ ಅಳತೆಗೆ ಸಾಲದು. ಸ್ವಂತ ಕಾರಿನಲ್ಲಿ ‘ನಿಲ್ಲಿಸಲು ಆಗುವ ಜಾಗ’ ಎಂದರೆ ಏನು ಎಂಬುದನ್ನು ನಿಯಮ ಬಿಡಿಸಿ ಹೇಳುವುದಿಲ್ಲ, ಇಡೀ ವ್ಯವಸ್ಥೆಯ ದೊಡ್ಡ ತೂತು ಇದೇ. ಸ್ಕೂಲಿನ ಕಾರಿಗೆ ಎರಡು ಕಡೆ ಪೆಡಲ್ ಕಡ್ಡಾಯ. ಮನೆಯ ಕಾರಿಗೆ ಅಂಥ ಯಾವ ಕಡ್ಡಾಯವೂ ಇಲ್ಲ. ಕಾರಿನ ವಿಮಾ ಪಾಲಿಸಿಯ ಚಾಲಕರ ಷರತ್ತಿನಲ್ಲೂ ಈ 3ನೇ ನಿಯಮದ ಪಾಲನೆಯನ್ನು ಉಲ್ಲೇಖಿಸಿರುತ್ತಾರೆ. ಅದನ್ನು ಓದಿದ ಮೇಲೆ ಎಲ್ ಬೋರ್ಡ್ ಸಿಕ್ಕಿಸಲು ಮರೆಯುವವರು ಕಡಿಮೆಯಾದಾರು.

ಇನ್ನು ಎಲ್‌ಎಲ್‌ಆರ್ ಕೂಡ ಇಲ್ಲದ ಹುಡುಗರ ಕಥೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಇಷ್ಟಾದರೂ ‘ಮನೆ ಮುಂದೆ ತಾನೆ, ಒಂದು ರೌಂಡ್’ ಎಂಬ ಮಾತು ನಿಂತಿಲ್ಲ. ಒಳಗಿನ ರಸ್ತೆಯಲ್ಲಿ ಪೊಲೀಸರು ಇರುವುದಿಲ್ಲ ಎಂಬುದೇ ಅದರ ಆಕರ್ಷಣೆ. ಲೈಸೆನ್ಸೇ ಬೇಡದ, ಗಂಟೆಗೆ 25 ಕಿ.ಮೀ. ಮಿತಿಯ ಕಡಿಮೆ ಶಕ್ತಿಯ ವಿದ್ಯುತ್ ಸ್ಕೂಟರುಗಳು ಈಗ ಎಂಟನೇ ತರಗತಿಯವರ ಕೈಯಲ್ಲೂ ಇವೆ. ಅಲ್ಲಿಂದ ಮುಂದಿನ ವಾಹನಕ್ಕೆ ಒಂದೇ ಹೆಜ್ಜೆ.

ಹಾಗೆಂದು ಕಲಿಯುವವರನ್ನು ಬಡಾವಣೆಯಿಂದ ಓಡಿಸಿಬಿಟ್ಟರೆ ಮುಗಿಯಿತೇ? ಕೆಲವು ಕ್ಷೇಮಾಭಿವೃದ್ಧಿ ಸಂಘಗಳು ‘ಡ್ರೈವಿಂಗ್ ಕಲಿಕೆ ನಿಷೇಧ’ ಎಂದು ಬೋರ್ಡ್ ನೆಟ್ಟಿರುತ್ತವೆ. ಸಂಘಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಹಾಗೆ ನಿಷೇಧಿಸುವ ಅಧಿಕಾರವಿಲ್ಲ ಎಂಬುದು ಒಂದು. ಕಲಿಯುವವರು ಪಕ್ಕದ ಬಡಾವಣೆಗೆ ಹೋಗುತ್ತಾರೆ ಎಂಬುದು ಇನ್ನೊಂದು. ಅಲ್ಲಿ ರಸ್ತೆ ಇನ್ನೂ ಕಿರಿದು, ಮಕ್ಕಳು ಇನ್ನೂ ಹೆಚ್ಚು, ಜನರಿಗೆ ಸಂಘ ಕಟ್ಟುವಷ್ಟು ಪುರಸೊತ್ತೂ ಇರುವುದಿಲ್ಲ. ಒಂದು ಮಾತು ಹೇಳಲೇಬೇಕು: ಎಲ್ ಬೋರ್ಡಿನ ಕಾರನ್ನು ಬೈಯುವ ಎಷ್ಟೋ ಮನೆಗಳ ಎರಡನೇ ಕಾರು ರಸ್ತೆಯಲ್ಲೇ ನಿಂತಿರುತ್ತದೆ. ಮಗುವನ್ನು ಚಾಲಕರ ಕಣ್ಣಿಂದ ಮರೆಮಾಡುವುದು ಅದೇ ಕಾರು.

ಕಲಿಯುವವರಿಗೂ ಈ ಬೀದಿ ಕೊಡುವುದು ಕಡಿಮೆ. ಸಾರಿಗೆಯೇತರ ಲಘು ವಾಹನಕ್ಕೆ ಡ್ರೈವಿಂಗ್ ಸ್ಕೂಲುಗಳ ತರಬೇತಿ ಕನಿಷ್ಠ 21 ದಿನ, ನಿಜವಾಗಿ ಓಡಿಸುವುದು ಕನಿಷ್ಠ 10 ಗಂಟೆ ಎಂದು 31ನೇ ನಿಯಮ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯ ತರಗತಿ ಎಂದರೆ ಈ ಕನಿಷ್ಠ ಕಷ್ಟಪಟ್ಟು ಮುಟ್ಟುತ್ತದೆ. ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿ ಸರದಿಯ ಮೇಲೆ ಓಡಿಸಿದರೆ ಅದೂ ಇಲ್ಲ. ಸ್ವೀಡನ್ 1993ರಲ್ಲಿ ಅಭ್ಯಾಸದ ವಯಸ್ಸನ್ನು ಹದಿನಾರಕ್ಕೆ ಇಳಿಸಿ, ಲೈಸೆನ್ಸಿನ ವಯಸ್ಸನ್ನು ಹದಿನೆಂಟರಲ್ಲೇ ಇಟ್ಟಿತು. ಆ ಅವಕಾಶ ಬಳಸಿಕೊಂಡವರು ಸರಾಸರಿ 118 ಗಂಟೆಗಳಷ್ಟು ಅಭ್ಯಾಸ ಮಾಡಿದರು. ಲೈಸೆನ್ಸ್ ಸಿಕ್ಕ ಮೇಲಿನ ಅವರ ಅಪಘಾತದ ಅಪಾಯ ಸುಮಾರು ಶೇಕಡಾ 40ರಷ್ಟು ಕಡಿಮೆ ಇತ್ತು ಎಂದು ಗ್ರೆಗರ್ಸೆನ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಅಷ್ಟೂ ಗಂಟೆಗಳು ನಾಲ್ಕು ಅಡ್ಡರಸ್ತೆಗಳ ಸುತ್ತ ಕಳೆದವಲ್ಲ. ಮಳೆ, ಕತ್ತಲೆ, ಹೆದ್ದಾರಿ, ಪೇಟೆ ಎಲ್ಲವನ್ನೂ ಅವರು ಪಕ್ಕದಲ್ಲಿ ಹಿರಿಯರು ಇರುವಾಗಲೇ ಕಂಡಿದ್ದರು. ನಮ್ಮಲ್ಲಿ ವೃತ್ತದಲ್ಲಿ ಬಸ್ಸಿಗೆ ದಾರಿ ಬಿಡುವುದು ಹೇಗೆ, ಮಳೆಯಲ್ಲಿ ಬ್ರೇಕ್ ಎಷ್ಟು ಮೊದಲೇ ಹಿಡಿಯಬೇಕು ಎಂಬುದನ್ನು ಹೊಸಬರು ಕಲಿಯುವುದು ಲೈಸೆನ್ಸ್ ಕೈಗೆ ಬಂದ ಮೇಲೆ, ಒಬ್ಬರೇ ಇರುವಾಗ. ನೋವಾ ಸ್ಕೋಶಿಯಾದ ಮೊದಲ ತಿಂಗಳ ಏರಿಕೆ ನೆನಪಿಗೆ ಬರುವುದು ಇಲ್ಲಿ.

ಜಪಾನಿನ ಕ್ರಮ ನನಗೆ ಹೆಚ್ಚು ಒಪ್ಪಿಗೆ. ಅಲ್ಲಿನ ಮಾನ್ಯತೆ ಪಡೆದ ಡ್ರೈವಿಂಗ್ ಸ್ಕೂಲುಗಳಿಗೆ ಸ್ವಂತ ಆವರಣದಲ್ಲೇ ರಸ್ತೆ, ತಿರುವು, ಏರು, ಸಿಗ್ನಲ್ ಇರುತ್ತವೆ. ಕ್ಲಚ್ಚು, ಪೆಡಲು, ರಿವರ್ಸಿನ ತಪ್ಪುಗಳೆಲ್ಲ ಆ ಗೋಡೆಯೊಳಗೆ ಮುಗಿಯಬೇಕು. ಅಲ್ಲಿ ಪರೀಕ್ಷೆ ಪಾಸಾಗಿ ತಾತ್ಕಾಲಿಕ ಲೈಸೆನ್ಸ್ ಪಡೆದ ಮೇಲೆಯೇ ಶಿಕ್ಷಕರ ಜೊತೆ ಊರಿನ ರಸ್ತೆಗೆ ಬರಬಹುದು. ಗೇರಿನ ಕಾರಿಗೆ 2025ಕ್ಕೆ ಮೊದಲು ಒಟ್ಟು 34 ಗಂಟೆಗಳ ಚಾಲನಾ ಪಾಠ ಇತ್ತು. ಆರಂಭಿಕ ತಪ್ಪುಗಳಿಗೂ ದಾರಿಹೋಕರಿಗೂ ಸಂಬಂಧವೇ ಬರದಂತೆ ನೋಡಿಕೊಳ್ಳುವ ಏರ್ಪಾಡು ಇದು. ಹಾಂಕಾಂಗಿನಲ್ಲಿ ಇನ್ನೊಂದು ಬಗೆ: ಕಲಿಕೆಯ ವಾಹನಗಳು ಹೋಗಬಾರದ ರಸ್ತೆಗಳನ್ನೂ ವೇಳೆಯನ್ನೂ ಸರ್ಕಾರವೇ ಗೊತ್ತುಮಾಡಿದೆ.

ನಮ್ಮ ನಿಯಮಗಳಲ್ಲೂ ಬೀಜ ಇದೆ. ಸಾಮಾನ್ಯ ಡ್ರೈವಿಂಗ್ ಸ್ಕೂಲಿಗೆ ಲೈಸೆನ್ಸ್ ಕೊಡುವ 24ನೇ ನಿಯಮ ಪಾಠದ ಕೊಠಡಿ, ಸಂಚಾರ ಚಿಹ್ನೆಗಳ ಚಾರ್ಟು, ವಾಹನ ನಿಲ್ಲಿಸುವ ಜಾಗ ಇವನ್ನೆಲ್ಲ ಕೇಳುತ್ತದೆ. ಅಭ್ಯಾಸದ ಮೈದಾನ ಕೇಳುವುದಿಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಹಾಗಲ್ಲ. ಲಘು ವಾಹನದ ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗ, ಸಿಮ್ಯುಲೇಟರ್, ಸ್ವಂತ ಚಾಲನಾ ಪಥ ಇರಬೇಕು. ನಾಲ್ಕು ವಾರಗಳೊಳಗೆ 29 ಗಂಟೆಗಳ ಪಾಠ, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಬೆಂಗಳೂರಿನ ಒಳಗೆ ಒಂದು ಎಕರೆ ಎಂದರೆ ಯಾವ ಬೆಲೆ ಎಂಬುದು ಎಲ್ಲರಿಗೂ ಗೊತ್ತು, ಆದ್ದರಿಂದ ಖಾಸಗಿಯವರೇ ಮಾಡಿಕೊಳ್ಳಲಿ ಎಂದು ಕೂತರೆ ಇದು ಕಾಗದದಲ್ಲೇ ಉಳಿಯುತ್ತದೆ. ಸರ್ಕಾರದ ಬಳಿ ಈಗಾಗಲೇ ಜಾಗ ಇದೆ. ಜ್ಞಾನಭಾರತಿಯಲ್ಲಿರುವಂಥ ಸ್ವಯಂಚಾಲಿತ ಪರೀಕ್ಷಾ ಪಥಗಳಲ್ಲಿ ಪರೀಕ್ಷೆ ನಡೆಯುವುದು ಕಚೇರಿ ವೇಳೆಯಲ್ಲಿ. ಡ್ರೈವಿಂಗ್ ಸ್ಕೂಲುಗಳ ತರಗತಿ ನಡೆಯುವುದು ಕಚೇರಿ ತೆರೆಯುವ ಮೊದಲು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಆ ಪಥಗಳನ್ನು, ಸಾಧ್ಯವಾದ ಕಡೆ ಸರ್ಕಾರಿ ಪ್ರದರ್ಶನ ಮೈದಾನ ಮತ್ತು ಬಸ್ ಡಿಪೊಗಳ ಖಾಲಿ ಅಂಗಳಗಳನ್ನು, ಮೊದಲ ಐದು ತರಗತಿಗಳಿಗೆ ಬಾಡಿಗೆಗೆ ಕೊಡಲು ಹೊಸ ಕಾನೂನು ಬೇಕಿಲ್ಲ.

ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಸಾರ್ವಜನಿಕ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆ ಅಥವಾ ಪ್ರದೇಶದಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ಸೂಚಿಸಿದ ಪ್ರಾಧಿಕಾರಕ್ಕೂ ಕೊಡುತ್ತದೆ. ಶಾಲೆ, ಆಟದ ಮೈದಾನ, ಆಸ್ಪತ್ರೆ ಇರುವ ಅಡ್ಡರಸ್ತೆಗಳಲ್ಲಿ ಶಾಲಾ ವೇಳೆಗೆ ಎಲ್ ಬೋರ್ಡ್ ಬೇಡ ಎಂದು ಅಧಿಸೂಚನೆ ಹೊರಡಿಸಿ, ಪ್ರತಿಯಾಗಿ ಫುಟ್‌ಪಾತ್ ನೆಟ್ಟಗಿರುವ ಅಗಲ ರಸ್ತೆಗಳನ್ನು ಕಲಿಕೆಗೆ ಗುರುತು ಮಾಡಿಕೊಡಬಹುದು. ನಿವಾಸಿ ಸಂಘಗಳು ಸಂಚಾರ ಪೊಲೀಸರಿಗೂ ಆರ್‌ಟಿಒಗೂ ಬರೆಯುವ ಅರ್ಜಿಯಲ್ಲಿ ‘ತೊಂದರೆಯಾಗುತ್ತಿದೆ’ ಎಂಬ ಒಂದು ಸಾಲಿನ ಬದಲು ಎರಡು ಕಡೆ ಪೆಡಲ್ ಇಲ್ಲದ ಸ್ಕೂಲ್ ಕಾರಿನ ನಂಬರು, ವೇಳೆ, ರಸ್ತೆಯ ಹೆಸರು ಕೊಟ್ಟರೆ ಕ್ರಮಕ್ಕೆ ಆಧಾರ ಸಿಗುತ್ತದೆ.

ಮನೆಯ ಕಾರಿನಲ್ಲಿ ಕಲಿಸುವವರಿಗೆ ಕಾಯಲು ಯಾವ ಅಧಿಸೂಚನೆಯೂ ಬೇಡ. ಎಂಜಿನ್ ಆಫ್ ಮಾಡಿದ ಕಾರಿನಲ್ಲಿ, ಕೆಳಗೆ ನೋಡದೆ, ಎಕ್ಸಿಲರೇಟರಿನಿಂದ ಬ್ರೇಕಿಗೆ ಹಿಮ್ಮಡಿ ಊರಿ ಪಾದ ತಿರುಗಿಸುವುದನ್ನು ಕಾಲಿಗೆ ರೂಢಿಯಾಗುವವರೆಗೆ ಮಾಡಿಸಬಹುದು. ಪಕ್ಕದಲ್ಲಿ ಕೂರುವವರು ಮೊದಲು ಖಾಲಿ ಜಾಗದಲ್ಲಿ ಪಾರ್ಕಿಂಗ್ ಬ್ರೇಕಿನಿಂದಲೇ ಕಾರು ನಿಲ್ಲಿಸಿ ನೋಡಬೇಕು. ಯಾವ ಕಾರನ್ನು ಮುಂದೆ ದಿನವೂ ಓಡಿಸುವರೋ ಆ ಬಗೆಯದರಲ್ಲೇ, ಗೇರಿನದೋ ಗೇರಿಲ್ಲದ್ದೋ, ತರಗತಿ ಕೇಳಬೇಕು.

ಇದಕ್ಕೆಲ್ಲ ಒಂದು ಗಡುವೂ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹದಿನೆಂಟು ತುಂಬಿದವರು ಡ್ರೈವಿಂಗ್ ಸ್ಕೂಲುಗಳಿಗೆ ಸೇರುತ್ತಾರೆ. ಈಗ ಎಲ್‌ಎಲ್‌ಆರ್ ಪರೀಕ್ಷೆಯನ್ನು ಆಧಾರ್ ಮೂಲಕ ಮನೆಯಲ್ಲೇ ಕೂತು ಬರೆಯಬಹುದಾದ್ದರಿಂದ ಆರ್‌ಟಿಒ ಮೆಟ್ಟಿಲು ಹತ್ತುವ ತಡವೂ ಇಲ್ಲ. ಅವೇ ಎರಡು ತಿಂಗಳು ಶಾಲೆಗಳಿಗೆ ರಜೆ, ಬೆಳಗಿನಿಂದ ಸಂಜೆಯವರೆಗೆ ಮಕ್ಕಳು ಬೀದಿಯಲ್ಲಿ. ಪರೀಕ್ಷಾ ಪಥಗಳನ್ನು ಮುಂಜಾನೆ ತೆರೆಯುವ ಆದೇಶವಾಗಲಿ, ಕಲಿಕೆಗೆ ಬೇಡವಾದ ರಸ್ತೆಗಳ ಪಟ್ಟಿಯಾಗಲಿ ಮಾರ್ಚ್ ಮುಗಿಯುವುದರೊಳಗೆ ಹೊರಬರಬೇಕು.